ಸತ್ಯಾಂಶ: ‘ಟಿವಿ ಜೋಕಿಗೆ ಹಿಂದೆ ಯಾರೂ ಬೇಸರ ಮಾಡ್ಕೊಳ್ತಿರಲಿಲ್ಲ’ ಎಂಬುದು ನಿಜವೇ?

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶವಿದು: ‘ಬಣ್ಣ, ಜನಾಂಗದ ಮೇಲಿನ ಹಾಸ್ಯಕ್ಕೆ ಹಿಂದೆ ಎಲ್ಲರೂ ನಗುತ್ತಿದ್ದರು. ಮೊಬೈಲ್ ಬಂದ ಮೇಲೆ ಅತಿಯಾಯಿತು. ಕಾಮಿಡಿಗೆ ಯಾವ ಕಾನೂನೂ ಇಲ್ಲ.’

ಇದು ತಪ್ಪು. ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡಿ ಕುಣಿಯುವ ‘ದಿ ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ’ ಬಿಬಿಸಿಯಲ್ಲಿ 1958ರಲ್ಲಿ ಶುರುವಾಯಿತು. ಅದನ್ನು ನಿಲ್ಲಿಸಿ ಎಂದು 1967ರಲ್ಲೇ ಮನವಿ ಸಲ್ಲಿಕೆಯಾಗಿತ್ತು. ಬಿಬಿಸಿ ಕಿವಿಗೊಡಲಿಲ್ಲ, ಶೋ 1978ರವರೆಗೂ ನಡೆಯಿತು. ನೊಂದವರು ಆಗಲೂ ಬಾಯಿಬಿಟ್ಟು ಹೇಳಿದ್ದರು, ಕೇಳಿಸಿಕೊಂಡವರು ಕಡಿಮೆ.

ಕಾನೂನಿನ ಮಾತು. 1994ರ ಕೇಬಲ್ ಟಿವಿ ನಿಯಮಗಳ 6ನೇ ನಿಯಮ ಜನಾಂಗೀಯ, ಭಾಷಿಕ, ಪ್ರಾದೇಶಿಕ ಗುಂಪುಗಳನ್ನು ಹೀಯಾಳಿಸಿ ತೋರಿಸುವುದನ್ನು ನಿಷೇಧಿಸುತ್ತದೆ. ಭಾಷಿಕ, ಪ್ರಾದೇಶಿಕ ಎಂದರೆ ನಾವೂ ಬಂದೆವು. ಕಾಮಿಡಿ ಶೋದಲ್ಲಿ ವಾಚ್‌ಮನ್ ಪಾತ್ರ ‘ಹ್ಯಾಂಗದೀರಿ ಸಾಹೇಬ್ರ?’ ಎಂದದ್ದಷ್ಟಕ್ಕೇ ನಗುವಿನ ಸದ್ದು ಹಾಕಿದಾಗ ಇಲ್ಲಿನವರಿಗೆ ಚುಚ್ಚುತ್ತದಲ್ಲ? ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೂರದಿಂದ ಬಂದು ಓದುವ ಹುಡುಗರಿಗೆ ಮುಖಚಹರೆಯ ಜೋಕು ಅದಕ್ಕಿಂತ ಹೆಚ್ಚು ನೋಯಿಸುತ್ತದೆ, ಏಕೆಂದರೆ ಅದೇ ಮಾತು ಬಸ್ ಸ್ಟ್ಯಾಂಡಿನಲ್ಲೂ ಹಿಂಬಾಲಿಸಬಹುದು.

ಎಲ್ಲ ಆಕ್ಷೇಪವೂ ಸರಿ ಎಂದಲ್ಲ. ತಾರತಮ್ಯ ಮಾಡುವವನನ್ನೇ ಗೇಲಿ ಮಾಡುವ ಹಾಸ್ಯಕ್ಕೂ ಕೆಲವರು ಸಿಟ್ಟಾಗುತ್ತಾರೆ. ಯಾರನ್ನು ನೋಡಿ ನಗಿಸುತ್ತಿದ್ದಾರೆ ಎಂಬುದನ್ನು ಗಮನಿಸಿ.

ದೂರು ಕೊಡುವುದಾದರೆ ವಾಹಿನಿ, ದಿನಾಂಕ, ಸಮಯ, ಆಡಿದ ಮಾತು ಬರೆದು ಮೊದಲು ವಾಹಿನಿಗೇ ಕಳಿಸಿ. 2021ರ ತಿದ್ದುಪಡಿಯಂತೆ ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು.