ಅಲ್ಪಾಕದ ಮುಖ, ಅಲ್ಪಾಕದ ಬೆನ್ನು

ಮುಂದೊಂದು ಕಾಲಕ್ಕೆ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರಲಿದೆ ಎಂಬ ಸುಳಿವು ಬ್ರಹ್ಮನಿಗೆ ಅಲ್ಪಾಕವನ್ನು ಮಾಡುವ ಹೊತ್ತಿಗೇ ಸಿಕ್ಕಿರಬೇಕು. ಇಲ್ಲದಿದ್ದರೆ ದಕ್ಷಿಣ ಅಮೆರಿಕದ ಮೂಲದ, ಒಂಟೆಯ ಬಳಗಕ್ಕೆ ಸೇರಿದ, ಉಣ್ಣೆ ಕೊಡುವ ಒಂದು ಪ್ರಾಣಿಗೆ ಅಷ್ಟು ದೊಡ್ಡ ಕಣ್ಣು, ಅಷ್ಟು ಉದ್ದದ ರೆಪ್ಪೆ, ಹಣೆಯ ಮೇಲೆ ಕಣ್ಣು ಮುಚ್ಚುವಷ್ಟು ಜುಟ್ಟು ಯಾಕೆ ಬೇಕಿತ್ತು? ಮೇಲ್ದವಡೆಯ ಮುಂಭಾಗದಲ್ಲಿ ಅದಕ್ಕೆ ಹಲ್ಲಿಲ್ಲ, ಗಟ್ಟಿಯಾದ ಒಸಡಷ್ಟೇ. ಮೇಲ್ತುಟಿ ಸೀಳಿದೆ, ಕೆಳಗಿನ ಹಲ್ಲುಗಳು ಆಗಾಗ ಇಣುಕುತ್ತವೆ. ಹೀಗಾಗಿ ಹುಲ್ಲು ತಿನ್ನುವಾಗಲೂ, ಮೆಲುಕು ಹಾಕುವಾಗಲೂ, ಹೊಟ್ಟೆನೋವಿನಿಂದ ಮುದುಡಿ ಕುಳಿತಾಗಲೂ ಅದು ನಮ್ಮನ್ನು ನೋಡಿ ನಸುನಕ್ಕಂತೆಯೇ ಇರುತ್ತದೆ. ಅಲ್ಪಾಕ ಸಾಕುವವರಿಗೆ ಇದು ಅದೃಷ್ಟವೂ ಹೌದು, ತಲೆನೋವೂ ಹೌದು.

ಅದೃಷ್ಟದ ಭಾಗವನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿಯೇ ಇರುತ್ತೇವೆ. ಈಗ ತಾನೇ ಹುಟ್ಟಿದ ಮರಿ ನಾಲ್ಕು ಕಾಲುಗಳನ್ನು ನಾಲ್ಕು ದಿಕ್ಕಿಗೆ ಚಾಚಿ ಏಳಲು ಹೆಣಗುವುದು, ಸಂಜೆಯಾಗುತ್ತಿದ್ದಂತೆ ಮರಿಗಳ ಗುಂಪು ಕಾರಣವಿಲ್ಲದೆ ನೆಗೆದು ಓಡುವುದು, ಬೇಸಿಗೆಯಲ್ಲಿ ಪೈಪಿನ ನೀರಿಗೆ ಹೊಟ್ಟೆಯೊಡ್ಡಿ ನಿಲ್ಲುವುದು. ನೀರನ್ನು ಹೊಟ್ಟೆ ಮತ್ತು ಕಾಲುಗಳಿಗೇ ಬಿಡಬೇಕು. ಬೆನ್ನಿನ ದಟ್ಟ ಉಣ್ಣೆ ನೆನೆದರೆ ಶಾಖ ಒಳಗೇ ಉಳಿದು ಪ್ರಾಣಿ ಇನ್ನಷ್ಟು ಬೇಯುತ್ತದೆ. ಹೆರಿಗೆಯಂತೂ ಚಿತ್ರೀಕರಣಕ್ಕೆ ಹೇಳಿ ಮಾಡಿಸಿದಂತಿದೆ. ಹನ್ನೊಂದೂವರೆ ತಿಂಗಳು ಹೊತ್ತ ಮೇಲೆ ತಾಯಿ ಸಾಮಾನ್ಯವಾಗಿ ಹಗಲು ಹೊತ್ತಿನಲ್ಲೇ ಈಯುತ್ತದೆ. ಅದರ ತವರಾದ ಆಂಡಿಸ್ ಪರ್ವತಗಳಲ್ಲಿ ಸುಮಾರು 4,000 ಮೀಟರ್ ಎತ್ತರದ ಬಯಲುಗಳಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ; ಮೈ ಒಣಗುವ ಮೊದಲೇ ಕತ್ತಲಾದರೆ ಮರಿ ಬದುಕುವುದು ಕಷ್ಟ. ಸಾವಿರಾರು ವರ್ಷಗಳ ಆ ಚಳಿಯ ಭಯ ಇಂದು ಮೊಬೈಲ್ ಹಿಡಿದವರಿಗೆ ಒಳ್ಳೆಯ ಬೆಳಕಾಗಿ ಒದಗಿದೆ.

ಇನ್ನು ಉಗುಳುವ ವಿಷಯ. ಅಲ್ಪಾಕ ಮನುಷ್ಯರ ಮೇಲೆ ಉಗುಳುತ್ತದೆ ಎಂದು ನೋಡುಗರು ಆಸೆಯಿಂದ ಕಾಯುತ್ತಾರೆ. ಅದಕ್ಕೆ ನಮ್ಮ ಮೇಲೆ ಅಷ್ಟು ಆಸಕ್ತಿಯಿಲ್ಲ. ಅದರ ಜಗಳವೆಲ್ಲ ಹೆಚ್ಚಾಗಿ ಮೇವಿನ ತೊಟ್ಟಿಯ ಪಕ್ಕದವರೊಂದಿಗೆ. ಹೊಟ್ಟೆಯೊಳಗಿನಿಂದ ಬರುವ ಆ ಹಸಿರು ದ್ರವದ ವಾಸನೆ ಉಗುಳಿದವರಿಗೇ ಅಸಹ್ಯವಾಗಿರುತ್ತದೆ. ಆಮೇಲೆ ಕೆಳತುಟಿ ಜೋಲುಬಿಟ್ಟುಕೊಂಡು ಪಶ್ಚಾತ್ತಾಪ ಪಡುತ್ತಿರುವವರಂತೆ ನಿಲ್ಲುತ್ತವೆ. ಆದರೆ ಸಾಕಣೆದಾರರಿಗೆ ಈ ಉಗುಳು ಬಹಳ ಉಪಯೋಗದ ವಸ್ತು. ಹೆಣ್ಣು ಗಬ್ಬವಾಗಿದೆಯೇ ಎಂದು ತಿಳಿಯಲು ಅದರ ಮುಂದೆ ಒಂದು ಗಂಡನ್ನು ತಂದು ನಿಲ್ಲಿಸುತ್ತಾರೆ. ಗಬ್ಬವಾಗಿಲ್ಲದಿದ್ದರೆ ಹೆಣ್ಣು ಮೆಲ್ಲನೆ ಕಾಲು ಮಡಚಿ ಕುಳಿತುಕೊಳ್ಳಬಹುದು. ಗಬ್ಬವಾಗಿದ್ದರೆ ಉಗುಳಿ, ಒದ್ದು, ಓಡುತ್ತದೆ. ಸ್ಕ್ಯಾನಿಂಗ್ ಯಂತ್ರದಷ್ಟು ಖಚಿತವಲ್ಲ, ನಿಜ. ಆದರೆ ಇಷ್ಟು ನೇರವಾಗಿ ಮಾತನಾಡುವ ಯಂತ್ರವನ್ನು ನಾನು ಕಂಡಿಲ್ಲ.

ತಲೆನೋವು ಶುರುವಾಗುವುದು ಕ್ಯಾಮೆರಾ ಆರಿದ ಮೇಲೆ. ಬೇಟೆಗೆ ಬಲಿಯಾಗುವ ಪ್ರಾಣಿಗಳೆಲ್ಲವೂ ಕಾಯಿಲೆಯನ್ನು ಮುಚ್ಚಿಡುತ್ತವೆ. ನರಳಿದರೆ ತೋಳಕ್ಕೋ ಪೂಮಾಕ್ಕೋ ವಿಳಾಸ ಕೊಟ್ಟಂತೆ. ಅಲ್ಪಾಕದಲ್ಲಿ ಈ ಗುಟ್ಟಿನ ಮೇಲೆ ಉಣ್ಣೆಯ ಹೊದಿಕೆ ಬೇರೆ. ಒಳಗೆ ಎಲುಬು ಎದ್ದಿದ್ದರೂ ಹೊರಗೆ ದುಂಡಗೆ ಕಾಣುತ್ತದೆ. ಅದಕ್ಕೇ ಬಲ್ಲವರು ಕಣ್ಣನ್ನು ನಂಬುವುದಿಲ್ಲ, ಕೈಯನ್ನು ನಂಬುತ್ತಾರೆ. ಪಕ್ಕೆಲುಬು ಮುಗಿಯುವಲ್ಲಿ ಉಣ್ಣೆಯೊಳಗೆ ಕೈಯಿಟ್ಟು ಬೆನ್ನುಮೂಳೆಯನ್ನು ಮುಟ್ಟಿ ನೋಡುತ್ತಾರೆ. ಅದರ ಎರಡೂ ಬದಿ ಮನೆಯ ಮಾಡಿನ ಹಾಗೆ ಹದವಾಗಿ ಇಳಿದಿದ್ದರೆ ಸರಿ, ಅಂಗೈಗೆ ಚೂಪಾಗಿ ಚುಚ್ಚಿದರೆ ಮೇವಿನಲ್ಲೋ ಹಲ್ಲಿನಲ್ಲೋ ಹೊಟ್ಟೆಯ ಹುಳುವಿನಲ್ಲೋ ಏನೋ ಕೆಟ್ಟಿದೆ. ಆಮೇಲೆ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುತ್ತಾರೆ. ಕೆಂಪಗಿದ್ದರೆ ನೆಮ್ಮದಿ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಹುಳು ಒಳಗೆ ಮನೆ ಮಾಡಿರಬಹುದು. ಗುಂಪಿನಿಂದ ದೂರ, ಮರದ ಕೆಳಗೆ ಒಂಟಿಯಾಗಿ ಕುಳಿತ ಅಲ್ಪಾಕದ ಚಿತ್ರವನ್ನು ಕಂಡು ನಾವು 'ಎಂಥ ಶಾಂತಿ, ಧ್ಯಾನಕ್ಕೆ ಕುಳಿತಿದೆ' ಎಂದು ಬರೆಯುತ್ತೇವೆ. ಅದೇ ಚಿತ್ರವನ್ನು ಇನ್ನೊಬ್ಬ ಸಾಕಣೆದಾರ ನೋಡಿದರೆ ಮೊದಲು ಕೇಳುವುದು, 'ಬೆಳಿಗ್ಗೆ ಮೇವು ತಿಂದಿತ್ತೇ?'

ಅವರ ನಿಜವಾದ ದಿನಪತ್ರಿಕೆ ಹಿಕ್ಕೆಯ ಗುಡ್ಡೆ. ಅಲ್ಪಾಕಗಳು ಕಂಡಲ್ಲಿ ಹೊಲಸು ಮಾಡುವುದಿಲ್ಲ. ಇಡೀ ಹಿಂಡಿಗೆ ಒಂದೆರಡು ಜಾಗ ಗೊತ್ತುಮಾಡಿಕೊಂಡು ಅಲ್ಲಿಗೇ ಹೋಗುತ್ತವೆ, ಒಂದು ಹೊರಟರೆ ಹಿಂದೆ ನಾಲ್ಕು ಸಾಲುಗಟ್ಟುತ್ತವೆ. ಈ ಶಿಸ್ತಿನಿಂದ ಹುಲ್ಲುಗಾವಲು ಚೊಕ್ಕಟ, ಹುಳುವಿನ ಕಾಟವೂ ಕಡಿಮೆ. ಪ್ರತಿದಿನ ಸಲಿಕೆ ಹಿಡಿದು ಅದನ್ನು ಎತ್ತುವ ಕೆಲಸ ಮಾತ್ರ ಮಾಲೀಕರದು. ಹಿಕ್ಕೆ ಗಟ್ಟಿಯೋ ನೀರೋ, ಯಾರು ತುಂಬ ಹೊತ್ತು ತಿಣುಕುತ್ತ ನಿಂತಿದ್ದಾರೆ ಎಂಬುದೆಲ್ಲ ಆ ಹೊತ್ತಿನಲ್ಲಿ ತಿಳಿಯುತ್ತದೆ. ಅನುಮಾನ ಬಂದರೆ ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಎಣಿಸುತ್ತಾರೆ. ಇಷ್ಟು ಸುದ್ದಿಯಿರುವ ಜಾಗದ ಚಿತ್ರವನ್ನು ಯಾರೂ ಹಾಕುವುದಿಲ್ಲ. ನನ್ನ ಮಟ್ಟಿಗೆ ಇದು ಅನ್ಯಾಯ.

ಉಣ್ಣೆ ಕತ್ತರಿಸುವ ದಿನದ ಚಿತ್ರ ಹಾಕುವುದಕ್ಕೂ ಧೈರ್ಯ ಬೇಕು. ವರ್ಷಕ್ಕೊಮ್ಮೆ, ಬೇಸಿಗೆ ಬಲಿಯುವ ಮೊದಲು, ಪ್ರಾಣಿಯ ಮುಂಗಾಲು ಹಿಂಗಾಲುಗಳಿಗೆ ಹಗ್ಗ ಕಟ್ಟಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಅಷ್ಟರಲ್ಲೇ ಉಗುರು ಕತ್ತರಿಸಿ, ಉದ್ದ ಬೆಳೆದ ಹಲ್ಲನ್ನು ಸವೆಸಿ, ಚುಚ್ಚುಮದ್ದನ್ನೂ ಮುಗಿಸುತ್ತಾರೆ. ಅಲ್ಪಾಕ ಜಗತ್ತೇ ಮುಳುಗಿದಂತೆ ಕಿರುಚುತ್ತದೆ. ನೋಡುಗರಿಗೆ ಕಾಣುವುದು ಹಗ್ಗ ಮತ್ತು ಕಿರುಚಾಟ. ಕತ್ತರಿಸದೆ ಬಿಟ್ಟರೆ ಬಿಸಿಲಿನಲ್ಲಿ ಆಗುವ ಸಾವು ಚಿತ್ರದಲ್ಲಿ ಇರುವುದಿಲ್ಲವಲ್ಲ. ಕೆಲವೇ ಕಿಲೋ ಉಣ್ಣೆ ಕಳೆದುಕೊಂಡು, ಬರೀ ಕತ್ತು ಮತ್ತು ಕಾಲಾಗಿ ಎದ್ದು ಬಂದವರನ್ನು ಸ್ವಂತ ಹಿಂಡಿನವರೇ ಮೂಸಿ ನೋಡಿ ಒಳಗೆ ಸೇರಿಸಿಕೊಳ್ಳುತ್ತಾರೆ.

ಮುಖಕ್ಕೂ ಒಳಗಿನ ಸತ್ಯಕ್ಕೂ ನಡುವಿನ ಈ ಅಂತರ ಒಮ್ಮೆ ಒಂದು ದೇಶದ ಜಗಳವಾಗಿ ಬೆಳೆಯಿತು. 2017ರಲ್ಲಿ ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಬಂದ ಜೆರೊನಿಮೊ ಎಂಬ ಗಂಡು ಅಲ್ಪಾಕ ದನಗಳ ಕ್ಷಯರೋಗದ ಪರೀಕ್ಷೆಯಲ್ಲಿ ಎರಡು ಸಲ ಸೋಂಕಿತ ಎಂದು ಬಂತು. ಕೊಲ್ಲಬೇಕೆಂದು ಸರ್ಕಾರ, ಪರೀಕ್ಷೆಯೇ ತಪ್ಪೆಂದು ಒಡತಿ. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಟ ನಡೆಯಿತು. ಆ ಕಪ್ಪು ಮುಖದ ಚಿತ್ರ ಜಾಲತಾಣಗಳಲ್ಲೆಲ್ಲ ಹರಡಿತು, ಉಳಿಸಿ ಎಂಬ ಮನವಿಗೆ ಲಕ್ಷಕ್ಕೂ ಮೀರಿ ಸಹಿ ಬಿದ್ದವು. 2021ರ ಆಗಸ್ಟ್ 31ರಂದು ಪೊಲೀಸರೊಂದಿಗೆ ಬಂದ ಅಧಿಕಾರಿಗಳು ಅದನ್ನು ಒಯ್ದು ಕೊಂದರು. ಶವಪರೀಕ್ಷೆಯಲ್ಲಿ ಕ್ಷಯದಂಥ ಗಾಯಗಳು ಕಂಡವು ಎಂದರು. ಮುಂದೆ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯಲಿಲ್ಲ. ಎರಡೂ ಕಡೆಯವರು ತಾವೇ ಸರಿ ಎಂದರು. ಸಹಿ ಹಾಕಿದವರಲ್ಲಿ ಹೆಚ್ಚಿನವರ ಬಳಿ ಇದ್ದ ಸಾಕ್ಷಿ ಒಂದೇ: ನೋಡಲು ಎಷ್ಟು ಚೆನ್ನಾಗಿದೆ!

ಆದರೂ ಸಾಕಣೆದಾರರು ಚಿತ್ರ ಹಾಕುವುದನ್ನು ನಾನು ತಪ್ಪೆನ್ನಲಾರೆ, ಅದರ ಹಿಂದೆ ಲೆಕ್ಕವಿದೆ. ಅಮೆರಿಕಕ್ಕೆ ಅಲ್ಪಾಕಗಳು ವ್ಯಾಪಾರಕ್ಕೆಂದು ಬಂದದ್ದು 1984ರಲ್ಲಿ. ಮರಿ ಮಾಡಿಸಿ ಮಾರಿದರೆ ಹಣವೋ ಹಣ ಎಂಬ ಹುಮ್ಮಸ್ಸಿನಲ್ಲಿ ಒಂದೊಂದಕ್ಕೆ ಹತ್ತಾರು ಸಾವಿರ ಡಾಲರ್ ಸುರಿದವರಿದ್ದರು. 2008ರ ಆರ್ಥಿಕ ಕುಸಿತದ ನಂತರ ಬೆಲೆ ನೆಲಕಚ್ಚಿತು. ನೂರಾರು ಕಿಲೋ ಉಣ್ಣೆಯಿಲ್ಲದ ಸಣ್ಣ ಹಿಂಡಿನಲ್ಲಿ ಬೆನ್ನಿನ ಉಣ್ಣೆ ಹುಲ್ಲಿನ ಖರ್ಚಿಗೂ ಸಾಲದು, ದುಡಿಯುವುದು ಮುಖವೇ. ಆ ಮುಖ ಕಂಡು ಜನ ಬರುತ್ತಾರೆ, ಹಗ್ಗ ಹಿಡಿದು ಅಲ್ಪಾಕದೊಂದಿಗೆ ನಡೆಯಲು ಹಣ ಕೊಡುತ್ತಾರೆ, ಹೊರಡುವಾಗ ಒಂದು ಜೊತೆ ಕಾಲುಚೀಲ ಕೊಳ್ಳುತ್ತಾರೆ. ಜಗತ್ತಿನ ಅಲ್ಪಾಕಗಳಲ್ಲಿ ಬಹುಪಾಲು ಇರುವ ಪೆರುವಿನಲ್ಲಿ ಲೆಕ್ಕ ತಿರುಗುಮುರುಗು. ಪೂನೊ ಸೀಮೆಯ ಎತ್ತರದಲ್ಲಿ ಹಿಂಡು ಕಾಯುವ ಕುಟುಂಬಗಳು ಉಣ್ಣೆಯನ್ನು ತೂಕಕ್ಕೆ ಹಾಕಿ ಬದುಕುತ್ತವೆ. ಅಲ್ಲಿ ಮುಖಕ್ಕೆ ಕಾಸಿಲ್ಲ. ಹಿಂದೆ ಆ ಸೀಮೆಯನ್ನು ಆಳಿದ ಇಂಕಾಗಳು ಹತ್ತಿಯ ಜೊತೆ ಈ ಜಾತಿಯ ಪ್ರಾಣಿಗಳ ಉಣ್ಣೆಯ ದಾರಗಳಲ್ಲಿ ಗಂಟು ಹಾಕಿ ರಾಜ್ಯದ ಲೆಕ್ಕವನ್ನೆಲ್ಲ ಇಟ್ಟಿದ್ದರು, ಓಟಗಾರರು ಆ ಗಂಟಿನ ದಾರಗಳನ್ನು ಊರಿಂದೂರಿಗೆ ಒಯ್ಯುತ್ತಿದ್ದರು. ಸುದ್ದಿ ಸಾಗಿಸುವ ಕೆಲಸ ಅಲ್ಪಾಕದ ಬಳಗಕ್ಕೆ ಹೊಸದಲ್ಲ.

ನನ್ನದೊಂದು ಕೋರಿಕೆಯಿದೆ. ವಾರಕ್ಕೊಂದು ದಿನ ಯಾರಾದರೂ ಬೆನ್ನುಮೂಳೆ ಮುಟ್ಟಿ ನೋಡುವ, ರೆಪ್ಪೆ ಎಳೆದು ನೋಡುವ, ಸಲಿಕೆಯ ಮೇಲಿನ ಸುದ್ದಿ ಓದುವ ವಿಡಿಯೊ ಹಾಕಲಿ. ಲೈಕು ಹೆಚ್ಚು ಬರಲಾರದು. ಬಂದವರೂ ಕೊನೆಯಲ್ಲಿ 'ಅದರ ಹೆಸರೇನು, ತಬ್ಬಿಕೊಳ್ಳಬಹುದೇ?' ಎಂದೇ ಕೇಳುತ್ತಾರೆ. ತಬ್ಬಿಕೊಳ್ಳುವುದು ಅಲ್ಪಾಕಕ್ಕೆ ಇಷ್ಟವಿಲ್ಲ. ಅದನ್ನು ಮೊದಲೇ ಬರೆದು ಹಾಕುವುದು ಒಳ್ಳೆಯದು.