ಅಕ್ಷರ ಅಳಿಸಿಲ್ಲ ಸ್ವಾಮಿ, ಬೆಳಕು ತಪ್ಪಿದೆ

ಇವತ್ತು ನಮ್ಮ ಕೊಡಗಿನ ಮುಳ್ಳೂರು ಬಸದಿ ಹತ್ತಿರ ಒಂದು ಟಿಟಿ (ಟೆಂಪೋ ಟ್ರಾವೆಲರ್) ಬಂದು ನಿಂತಿತು. ಹದಿನಾಲ್ಕು ಜನ, ಒಬ್ಬ ಗೈಡ್. ಶಾಸನದ ಕಲ್ಲಿನ ಮುಂದೆ ಆತ ಹೇಳಿದ್ದು ಇಷ್ಟೇ: "ಇದು ಹಳೇ ಶಾಸನ. ಅಕ್ಷರ ಎಲ್ಲ ಅಳಿಸಿ ಹೋಗಿದೆ, ಏನೂ ಓದಕ್ಕಾಗಲ್ಲ. ಬೇಗ ಫೋಟೋ ತೆಕ್ಕೊಳ್ಳಿ, ಊಟಕ್ಕೆ ಲೇಟಾಗ್ತದೆ." ಇಳಿದು, ನೋಡಿ, ಹತ್ತಿದ್ದಕ್ಕೆ ಒಟ್ಟು ಹನ್ನೆರಡು ನಿಮಿಷ. ಅದಕ್ಕೆ ಮುಂಚೆ ಹೋಂಮೇಡ್ ಚಾಕೊಲೇಟ್ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಳೆದು ಬಂದಿದ್ದರು ಅಂತ ಅವರ ಕೈಯ ಚೀಲಗಳೇ ಹೇಳುತ್ತಿದ್ದವು.

ಅಳಿಸಿ ಹೋಗಿಲ್ಲ ಮಾರಾಯ್ರೆ. ಕಾಣುತ್ತಿಲ್ಲ, ಅಷ್ಟೆ. ಇವೆರಡೂ ಬೇರೆ ಬೇರೆ. ನಿಜ ಹೇಳಬೇಕೆಂದರೆ ಆ ಹೊತ್ತಿನ ಬೆಳಕಿನಲ್ಲಿ ನನಗೂ ಒಂದಕ್ಷರ ಕಾಣುತ್ತಿರಲಿಲ್ಲ. ಆದರೆ ನನಗೆ ಕಾಣದ್ದಕ್ಕೆ ಕಲ್ಲನ್ನು ದೂರುವಷ್ಟು ಧೈರ್ಯ ನನಗಿಲ್ಲ.

ಲೆಕ್ಕ ಸುಲಭ. ಸವೆದ ಕಲ್ಲಿನಲ್ಲಿ ಅಕ್ಷರದ ತಗ್ಗು ಒಂದೆರಡು ಮಿಲಿಮೀಟರ್ ಉಳಿದಿದ್ದರೆ ಪುಣ್ಯ. ಬಿಸಿಲು ಎದುರಿನಿಂದ ಬಿದ್ದರೆ ತಗ್ಗಿಗೂ ದಿಬ್ಬಕ್ಕೂ ಒಂದೇ ಬೆಳಕು, ನೆರಳೇ ಇಲ್ಲ. ಅದೇ ಬೆಳಕು ಕಲ್ಲಿನ ಮೈಗೆ 10 ಡಿಗ್ರಿ ಓರೆಯಲ್ಲಿ ಜಾರಿ ಬಂದರೆ 1 ಮಿಲಿಮೀಟರ್ ಅಂಚಿಗೂ 5 ಮಿಲಿಮೀಟರ್‌ಗಿಂತ ಉದ್ದದ ನೆರಳು. ಗೆರೆಯ ಪೂರ್ತಿ ತಗ್ಗು ಕಪ್ಪಾಗುತ್ತದೆ, ಅಕ್ಷರ ಎದ್ದು ಕೂರುತ್ತದೆ. ಹತ್ತು ನಿಮಿಷದ ಹಿಂದೆ ಬೋಳು ಬಂಡೆಯಾಗಿದ್ದದ್ದು ಹತ್ತು ನಿಮಿಷ ಕಳೆದ ಮೇಲೆ ಓದುವ ಪುಟ. ಶಾಸನ ನೋಡಲು ಹೋಗುವವರು ಮೊದಲು ಕೇಳಬೇಕಾದ್ದು "ಯಾವ ರಾಜ?" ಅಂತಲ್ಲ, "ಕಲ್ಲಿನ ಮುಖ ಯಾವ ದಿಕ್ಕಿಗೆ?" ಅಂತ.

ಮಲಗಿರುವ ಕಲ್ಲಾದರೆ ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಇಲ್ಲವೇ ಮುಳುಗುವ ಮುಂಚಿನ ಒಂದು ಗಂಟೆ. ನಿಂತ ಕಲ್ಲು ದಕ್ಷಿಣಕ್ಕೆ ಮುಖ ಮಾಡಿದ್ದರೂ ಹೆಚ್ಚುಕಡಿಮೆ ಇದೇ ಹೊತ್ತು, ಬೆಳಕು ಪಕ್ಕದಿಂದ ಬರುತ್ತದೆ. ಪೂರ್ವಕ್ಕೆ ಮುಖ ಮಾಡಿದ್ದರೆ ಕತೆಯೇ ಬೇರೆ. ಬೆಳಗ್ಗೆ ಬೇಗ ಹೋದವರಿಗೇ ಮೋಸ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿರುತ್ತದೆ. ಅದಕ್ಕೆ ಹನ್ನೊಂದೂವರೆಯಿಂದ ಹನ್ನೆರಡರ ತನಕ ಕಾಯಬೇಕು, ಆಗ ಬೆಳಕು ಮೇಲಿಂದ ಕಲ್ಲಿನ ಮೈಯನ್ನು ಸವರಿಕೊಂಡು ಇಳಿಯುತ್ತದೆ. ಪಶ್ಚಿಮದ ಮುಖಕ್ಕೆ ನೆತ್ತಿ ದಾಟಿದ ಕೂಡಲೇ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ತಿಂಗಳ ಮೇಲೆ ಹನ್ನೆರಡೂ ಕಾಲು, ಹನ್ನೆರಡೂ ಮುಕ್ಕಾಲು ಹೀಗೆ ಆಗುತ್ತದೆ. ಉತ್ತರದ ಮುಖದ ಕಲ್ಲಿಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಅದಕ್ಕೆ ಟಾರ್ಚೇ ಗತಿ.

ಅಂದರೆ ಮಧ್ಯಾಹ್ನ ಬರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾವ ಕಲ್ಲಿಗೆ ಯಾವ ಹೊತ್ತು ಅಂತ ಗೊತ್ತಿಲ್ಲದೆ ಬರುವುದು ತಪ್ಪು. ಫೋನಿನಲ್ಲಿ ದಿಕ್ಸೂಚಿ ಇದೆ. ಗೈಡ್ ಒಂದು ಸಲ ಬಂದು ನಾಲ್ಕು ಕಲ್ಲಿನ ದಿಕ್ಕು ಬರೆದುಕೊಂಡರೆ ಜೀವಮಾನಕ್ಕಾಯಿತು. ಕಲ್ಲೇನೂ ತಿರುಗಿ ಕೂರುವುದಿಲ್ಲ.

"ರಜಕ್ಕೆ ಬಂದವರು ಬೆಳಗ್ಗೆ ಯಾರು ಏಳ್ತಾರೆ ಸಾರ್?" ಅಂತ ಕೇಳುವವರು ಇದ್ದಾರೆ. ಭಲೆ! ಮಾಂದಲಪಟ್ಟಿ ಬೆಟ್ಟಕ್ಕೆ ಕತ್ತಲಲ್ಲೇ ಜೀಪು ಹತ್ತಿ, ಸೊಂಟ ಮುರಿಯುವ ದಾರಿಯಲ್ಲಿ ಕುಲುಕಿಸಿಕೊಂಡು ಹೋಗಿ, ಬಿಳಿ ಮಂಜು ಬಿಟ್ಟು ಬೇರೇನೂ ಕಾಣದೆ ವಾಪಸ್ ಬಂದು "ಸೂಪರ್" ಅನ್ನುವವರು ಇದೇ ಜನ ಅಲ್ಲವೇ? ಏಳಲು ಆಗುತ್ತದೆ. ಏಳಬೇಕು ಅಂತ ಯಾರೂ ಹೇಳಿಲ್ಲ. ಏಳದಿದ್ದರೂ ಬೇಡ, ಟೂರನ್ನು ತಿರುಗಿಸಿ ಹಾಕಿ. ಮಡಿಕೇರಿಯಿಂದ ಸೋಮವಾರಪೇಟೆ ಮೇಲೆ ಶನಿವಾರಸಂತೆ ಕಡೆಗೆ ಎರಡು ಗಂಟೆಯ ಹಾದಿ ಅಂತ ಇಟ್ಟುಕೊಳ್ಳಿ. ಅಂಗಡಿ, ಊಟ ಎಲ್ಲ ಮೊದಲು ಮುಗಿಸಿ. ಡಿಸೆಂಬರಿನಲ್ಲಿ ಐದರೊಳಗೆ ಮುಳ್ಳೂರಿನಲ್ಲಿದ್ದರೆ ಕೊನೆಯ ಒಂದು ಗಂಟೆಯ ಒಳ್ಳೆಯ ಬೆಳಕು ಸಿಗುತ್ತದೆ. ಒಂದೇ ದಿನ ಏಳು ಜಾಗ ತೋರಿಸುವುದರ ಬದಲು ಎರಡು ಜಾಗ. ಗೈಡಿಗೂ ಗಂಟಲು ಉಳಿಯುತ್ತದೆ.

ಇನ್ನು ಮೋಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೆಳಕು ಆಕಾಶದ ಎಲ್ಲ ಕಡೆಯಿಂದ ಒಂದೇ ಸಮನೆ ಸುರಿಯುತ್ತದೆ, ನೆರಳೇ ಹುಟ್ಟುವುದಿಲ್ಲ. ಕಲ್ಲಿನ ಮೇಲೆ ಪಾಚಿ, ಕಾಲಿಗೆ ಜಿಗಣೆ. ಆ ಕಾಲದಲ್ಲಿ ಬರಬೇಡಿ ಅಂತಲೇ ಹೇಳುತ್ತೇನೆ. ಬಂದೇ ಬರುತ್ತೀರಾದರೆ ಕೊಡೆ ಹೇಗೂ ಇರುತ್ತದಲ್ಲ, ಅದೇ ಉಪಕರಣ. ಒಬ್ಬರು ಕಪ್ಪು ಕೊಡೆ ಬಿಡಿಸಿ ಕಲ್ಲಿನ ಮುಖಕ್ಕೆ ಹತ್ತಿರ ಅಡ್ಡ ಹಿಡಿಯಿರಿ, ಮೇಲಿನ ಬೆಳಕು ಕತ್ತರಿಸಲಿ. ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ತಂದು, ಒಂದು ಮೊಳ ದೂರದಲ್ಲಿ, ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿದ ಹಾಗೆ ಹಿಡಿಯಿರಿ. ಮೊಬೈಲ್ ಟಾರ್ಚ್ ಸಾಕು. ಎಲ್ಲರೂ ಮಾಡುವ ತಪ್ಪು ಏನೆಂದರೆ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಕಲ್ಲಿನ ಎದೆಗೆ ಬಿಡುವುದು. ಮೊಬೈಲಿನ ಫ್ಲಾಶ್ ಮಾಡುವುದೂ ಅದೇ. ಫ್ಲಾಶ್ ಹಾಕಿ ತೆಗೆದ ಶಾಸನದ ಫೋಟೋವನ್ನು ದಯವಿಟ್ಟು ನನಗೆ ಕಳಿಸಿ "ಇದರಲ್ಲಿ ಏನಿದೆ" ಅಂತ ಕೇಳಬೇಡಿ. ಅದರಲ್ಲಿ ಫ್ಲಾಶ್ ಇದೆ.

ಟಾರ್ಚ್ ಒಂದೇ ಕಡೆ ಹಿಡಿದರೂ ಸಾಲದು. ಎಡದಿಂದ ಬೆಳಕು ಬಿಟ್ಟರೆ ನಿಂತ ಗೆರೆಗಳು ಕಾಣುತ್ತವೆ, ಅಡ್ಡ ಗೆರೆಗಳು ಮಾಯ. ಕನ್ನಡ ಲಿಪಿ ದುಂಡಗೆ, ಅರ್ಧ ಸುರುಳಿ ಕಾಣದಿದ್ದರೆ 'ಪ' 'ವ' ಆಗಿ ಕುಳಿತಿರುತ್ತದೆ. ತಲೆಕಟ್ಟು ನೋಡಬೇಕಾದರೆ ಬೆಳಕು ಮೇಲಿಂದಲೋ ಕೆಳಗಿಂದಲೋ ಬರಬೇಕು. ಫೋನನ್ನು ಒಂದೇ ಜಾಗದಲ್ಲಿ ಅಲುಗದಂತೆ ಹಿಡಿದು, ಬೆಳಕನ್ನು ಮಾತ್ರ ನಾಲ್ಕು ಕಡೆ ತಿರುಗಿಸಿ ನಾಲ್ಕು ಫೋಟೋ ತೆಗೆಯಿರಿ. ಆಮೇಲೆ ಮನೆಯಲ್ಲಿ ಒಂದರ ಮೇಲೊಂದು ನೋಡಿ. ಟ್ರೈಪಾಡ್ ಬೇಕೆಂದರೆ ಸಂರಕ್ಷಿತ ಸ್ಮಾರಕದಲ್ಲಿ ಮುಂಚೆಯೇ ಅನುಮತಿ ಕೇಳಬೇಕು.

ಇವತ್ತಿನ ಗೈಡ್ ಮುಂದೆ ಏನು ಮಾಡಿದ ಗೊತ್ತೇ? ಯಾರೋ ಒಬ್ಬರು "ಸ್ವಲ್ಪ ಕಾಣ್ತದಲ್ಲ" ಅಂದರು. ಬಾಟಲಿ ತೆಗೆದು ಕಲ್ಲಿಗೆ ನೀರು ಸುರಿದ! ಒದ್ದೆ ಕಲ್ಲು ಕಪ್ಪಾಗಿ ಹೊಳೆಯುತ್ತದೆ, ಆ ಹೊಳಪಿನಲ್ಲಿ ಇದ್ದ ಚೂರು ನೆರಳೂ ಹೋಯಿತು. ಇನ್ನು ಅರ್ಧ ಗಂಟೆ ಒಣಗುವ ತನಕ ಯಾರಿಗೂ ಏನೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಚಾಕ್‌ಪೀಸು. ಅಕ್ಷರದೊಳಗೆ ಬಿಳಿ ತುಂಬುವವನು ತನಗೆ ಕಂಡದ್ದನ್ನು ಬರೆಯುತ್ತಾನೆ, ಕಲ್ಲಿನಲ್ಲಿ ಇದ್ದದ್ದನ್ನಲ್ಲ. ಒಂದು ತಪ್ಪು ಗೆರೆ ಬಿದ್ದರೆ ಮುಂದೆ ಬಂದವರೆಲ್ಲ ಅದನ್ನೇ ಓದುತ್ತಾರೆ. ಪುಡಿ ಕಲ್ಲಿನ ರಂಧ್ರಕ್ಕೆ ಇಳಿದು ಕೂರುತ್ತದೆ. (ಒಂದು ಕಾಲಕ್ಕೆ ನಾನೂ ಚಾಕ್ ಉಜ್ಜಿದವನೇ. ಬೈಯುವವರು ಬೈಯಬಹುದು.) ಪಾಚಿ, ಕಲ್ಲುಹೂವು ಕೆರೆಯಲು ಹೋಗಲೇಬೇಡಿ, ಅದರ ಜೊತೆ ಸಡಿಲವಾದ ಕಲ್ಲಿನ ಕಣವೂ ಕಿತ್ತು ಬರುತ್ತದೆ. ತಂತಿ ಬ್ರಷ್ ಹಿಡಿದವರನ್ನು ಕಂಡರೆ ಕೈ ಹಿಡಿಯಿರಿ.

"ಪುರಾತತ್ವ ಇಲಾಖೆಯವರೇ ನೀರು ಹಾಕಿ ತೊಳೀತಾರಲ್ಲ?" ಹೌದು, ತೊಳೆಯುತ್ತಾರೆ, ಪಡಿಯಚ್ಚು, ಅಂದರೆ ಅಕ್ಷರಗಳ ಕಾಗದದ ಅಚ್ಚು, ತೆಗೆಯಲು. ಮೆತ್ತನೆ ಬ್ರಷ್‌ನಿಂದ ಮಣ್ಣು ತೆಗೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದೊಳಕ್ಕೆ ಇಳಿಸಿ, ಅರೆ ಒಣಗಿದ ಮೇಲೆ ಮಸಿಯ ಪ್ಯಾಡಿನಿಂದ ಮೇಲ್ಮೈಗೆ ಒತ್ತುತ್ತಾರೆ. ಮೈ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದ ಹೆಚ್ಚು ಒಣಗಿದರೆ ಕಲ್ಲಿನಿಂದ ಎದ್ದು ಬರುತ್ತದೆ, ಹೆಚ್ಚು ಒದ್ದೆ ಇದ್ದರೆ ಮಸಿ ಹರಡುತ್ತದೆ. ಅದು ಕಲಿತವರ ಕೈಕೆಲಸ. ಬಾಟಲಿ ನೀರು ಸುರಿದು ಟಿಟಿ ಹತ್ತುವುದಲ್ಲ.

ಹೀಗೆ ಕಷ್ಟಪಟ್ಟು ಓದಿದ್ದರಿಂದಲೇ ಶಾಸನತಜ್ಞ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳ ಸಂಪುಟ ತಂದರು, 1914ರಲ್ಲಿ ಪರಿಷ್ಕರಿಸಿದರು, 1972ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತೆ ಹೊರತಂದಿತು. ಅಳಿಸಿ ಹೋಗಿದೆ ಅನ್ನುವ ಅಕ್ಷರಗಳೆಲ್ಲ ಅಲ್ಲಿ ಅಚ್ಚಾಗಿ ಕೂತಿವೆ. ಹೊರಡುವ ಮುಂಚೆ ಆ ಊರಿನ ಶಾಸನದ ಪಾಠ, ಅಂದರೆ ಓದಿ ಅಚ್ಚು ಮಾಡಿದ ಸಾಲುಗಳು, ಇರುವ ಪುಟ ಪ್ರಿಂಟ್ ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ. ಶಾಸನದ ಸಂಖ್ಯೆ ಹೇಳುವಾಗ ಯಾವ ಆವೃತ್ತಿ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಬೇರೆ ಕಲ್ಲಿನ ಮುಂದೆ ಬೇರೆ ಪಾಠ ಓದುತ್ತ ನಿಲ್ಲುತ್ತೀರಿ. ಮೊದಲ ಸಾಲಿನಲ್ಲಿ 'ಸ್ವಸ್ತಿ' ಅಥವಾ 'ಶ್ರೀ' ಹುಡುಕಿ, ಆ ಬರಹಗಾರನ ಕೈ ಅಲ್ಲಿಂದ ಪರಿಚಯ ಆಗುತ್ತದೆ. ಜೈನ ಶಾಸನವಾದರೆ 'ಶ್ರೀಮತ್ಪರಮಗಂಭೀರ' ಅಂತ ಶುರುವಾಗುವುದು ಮಾಮೂಲು. ಶಕ ವರ್ಷ ಸಿಕ್ಕರೆ 78 ಕೂಡಿಸಿ. ಕೊಡಗಿನದೇ ಆದ ಪೆಗ್ಗೂರಿನ ಗಂಗರ ಶಾಸನದ ಶಕ 899 ಆಗ ಕ್ರಿ.ಶ. 977 ಆಗುತ್ತದೆ. ಕೊನೆಯಲ್ಲಿ ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕ ಇದ್ದರೆ ಮಕ್ಕಳಿಗೆ ಓದಿ ಹೇಳಿ, ನಗುತ್ತಾರೆ, ಮರೆಯುವುದಿಲ್ಲ.

ಮುಳ್ಳೂರಿನ ಕಲ್ಲಿನಲ್ಲಿ ಏನೂ ಇಲ್ಲವೇ? 1058ರ ಅರಸ, ಕೊಂಗಾಳ್ವ ಮನೆತನದ ರಾಜೇಂದ್ರ ಕೊಂಗಾಳ್ವ ಇದ್ದಾನೆ. ಅವನ ತಾಯಿ ಪೋಚಬ್ಬರಸಿ ಇದ್ದಾಳೆ. ಆಕೆಯ ಗುರು ಗುಣಸೇನ ಪಂಡಿತರು, 1064ರಲ್ಲಿ ಅವರು ಮುಡಿಪಿದ, ಅಂದರೆ ತೀರಿಕೊಂಡ, ಸುದ್ದಿ ಇದೆ. ಒಂದು ಮನೆತನದ ತಾಯಿ, ಮಗ, ಗುರು, ಮೂವರೂ ಸಾವಿರ ವರ್ಷದ ಹತ್ತಿರದಿಂದ ಒಂದೇ ಊರಿನಲ್ಲಿ ನಿಂತಿದ್ದಾರೆ. ನಮ್ಮ ಗೈಡ್ ಪ್ರಕಾರ "ಏನೂ ಓದಕ್ಕಾಗಲ್ಲ".

ಇದೇ ಟೂರುಗಳು ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ನೋಡಿಕೊಂಡು ಮೋರಿಬೆಟ್ಟಕ್ಕೂ ಹೋಗುತ್ತವೆ. ಅಲ್ಲಿನ ಕಲ್ಲುಚಪ್ಪಡಿಯ ಗೂಡುಗಳಿಗೆ ಅಕ್ಷರದ ಗೋಜಿಲ್ಲ, "ಪಾಂಡವರು ಇದ್ದ ಮನೆ" ಅಂದರೆ ಮುಗಿಯಿತು. ಊರಿನವರು ಮೋರಿಯರ (ಹಿಂದೆ ಇದ್ದರೆನ್ನುವ ಕುಳ್ಳ ಜನರ) ಮನೆ ಅನ್ನುತ್ತಾರೆ, ಆ ಕತೆ ನನಗೂ ಇಷ್ಟ. ಆದರೆ ಅವು ಕಬ್ಬಿಣ ಯುಗದ ಜನ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿಗಳು ಅಂತ ಒಂದು ಮಾತು ಸೇರಿಸಿದರೆ ಪಾಂಡವರಿಗೇನೂ ಬೇಸರವಾಗದು. ಮೇಲಿನ ಚಪ್ಪಡಿ ಗಾರೆ ಇಲ್ಲದೆ ಬರೀ ತೂಕದ ಮೇಲೆ ಕೂತಿರುತ್ತದೆ. ನಾಲ್ಕು ಜನ ಅದರ ಅಂಚಿಗೆ ಹತ್ತಿ ಸೆಲ್ಫಿ ತೆಗೆದರೆ ಪಕ್ಕದ ಕಲ್ಲು ಒಂದು ಬೆರಳು ವಾಲಿದರೂ ಸಾಕು. ಒಳಗೆ ತೂರುವವರಿಗೆ ಬೇರೆ ಹೇಳಬೇಕಿಲ್ಲ, ಹಾವು ಹೇಳುತ್ತದೆ.

ಗೈಡ್‌ಗಳ ಮೇಲೆ ನನಗೆ ದ್ವೇಷವಿಲ್ಲ, ದಿನದ ಕೂಲಿ ಎಷ್ಟು ಅಂತ ಗೊತ್ತು. ಅವರಿಗೆ ಕಲಿಸಿದವರು ಯಾರೂ ಇಲ್ಲ ಅಂತಲೂ ಗೊತ್ತು. ಆದರೆ "ನನಗೆ ಗೊತ್ತಿಲ್ಲ" ಅನ್ನಲು ತರಬೇತಿ ಬೇಕೇ? "ಅಳಿಸಿ ಹೋಗಿದೆ" ಅಂದರೆ ಬಂದವರು ಇನ್ನೊಂದು ಸಲ ನೋಡುವುದೂ ಇಲ್ಲ.

ಟಿಟಿ ಹೋದ ಮೇಲೆ, ಹಾಕಿದ ನೀರು ಆರಿ, ಬಿಸಿಲು ಸ್ವಲ್ಪ ಸರಿಯಿತು. ಕಲ್ಲಿನ ಮೇಲ್ಭಾಗದಲ್ಲಿ ಒಂದು 'ಶ್ರೀ' ನಿಧಾನಕ್ಕೆ ಎದ್ದು ಬಂತು, ಸುರುಳಿ ಸಮೇತ. ನೋಡಲು ಅಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಅವರ ಖಾಲಿ ಬಾಟಲಿ ಬಿದ್ದಿತ್ತು.