ಇಷ್ಟಪಟ್ಟು ದುಡಿಯುವವರಿಗೆ ಸಂಬಳ ಯಾಕೆ ಕಡಿಮೆ?

"ಖುಷಿಗೆ ಕೆಲಸ ಮಾಡ್ತೀರೋ, ದುಡ್ಡಿಗೋ?" ಈ ಪ್ರಶ್ನೆಯನ್ನು ಎಷ್ಟೋ ಕಡೆ ಕೇಳಿದ್ದೇನೆ. ಎರಡರಲ್ಲಿ ಒಂದನ್ನು ಬಿಡಲೇಬೇಕು ಅನ್ನುವ ಹಾಗಿರುತ್ತದೆ ಕೇಳುವ ಧಾಟಿ. ನನಗೆ ಆಗೆಲ್ಲ ನೆನಪಾಗುವುದು ಅರಸೀಕೆರೆ ಕಡೆ ಆಶಾ ಕಾರ್ಯಕರ್ತೆಯಾಗಿರುವ ನಮ್ಮತ್ತಿಗೆ.

ಒಮ್ಮೆ ಅವರ ಜೊತೆ ಬಾಣಂತಿಯೊಬ್ಬರ ಮನೆಗೆ ಹೋಗಿದ್ದೆ. ಅತ್ತಿಗೆ ಮೊದಲು ಸೋಪು ಹಾಕಿ ಕೈ ತೊಳೆದುಕೊಂಡರು. ಮಗುವನ್ನು ತಕ್ಕಡಿಯ ಜೋಲಿಯಲ್ಲಿ ಮಲಗಿಸಿ ಮೇಲೆತ್ತಿ, ಮುಳ್ಳು ಅಲ್ಲಾಡದೆ ನಿಲ್ಲುವವರೆಗೂ ಕಾದು ತೂಕ ಬರೆದುಕೊಂಡರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು, ಹೊಕ್ಕುಳು ಒಣಗಿದೆಯಾ ನೋಡಿದರು. ಮಗು ಸರಿಯಾಗಿ ಎದೆ ಕಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ತಲೆಗೆ ಹೇಗೆ ಕೈ ಆನಿಸಬೇಕೆಂದು ತೋರಿಸಿ, ಅದು ಗುಟುಕು ಗುಟುಕಾಗಿ ಕುಡಿಯತೊಡಗಿದ ಮೇಲೇ ಎದ್ದದ್ದು. ಅವರ ಮುಖದಲ್ಲಿ ಆಗ ಕಂಡ ಸಂತೋಷವನ್ನು ಲಕ್ಷಗಟ್ಟಲೆ ಸಂಬಳ ಎಣಿಸುವ ನನ್ನ ಗೆಳೆಯರಲ್ಲಿ ನಾನು ಕಂಡಿಲ್ಲ.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಇಂಥ ಭೇಟಿ ಆರು: 3, 7, 14, 21, 28, 42ನೇ ದಿನ. ಆರೂ ಮುಗಿಸಿದರೆ ಪ್ರೋತ್ಸಾಹಧನ 250 ರೂಪಾಯಿ.

"ಅತ್ತಿಗೆ, ಗಾರ್ಮೆಂಟ್ಸ್‌ಗಾದ್ರೂ ಹೋಗಬಾರದಾ?" ಅಂದೆ.

"ಹೋಗ್ಬೋದಿತ್ತು ಕಣಪ್ಪ. ನಂಗೆ ಈ ಕೆಲ್ಸನೇ ಇಷ್ಟ. ಇಷ್ಟ ಅಂದ್ಬುಟ್ಟು ದುಡ್ಡು ಬ್ಯಾಡ ಅಂದಿದೀನಾ?"

ಅವರ ಈ ಮಾತಿಗೆ ಸರ್ಕಾರವಾಗಲಿ ನಾವಾಗಲಿ ಇನ್ನೂ ಉತ್ತರ ಕೊಟ್ಟಿಲ್ಲ. 2005ರಲ್ಲಿ ಯೋಜನೆ ಶುರುವಾದಾಗಿನಿಂದ ಆಶಾಗಳು ಕಾಗದದ ಮೇಲೆ ಸ್ವಯಂಸೇವಕಿಯರು. ಹಾಗಾಗಿ ಸಂಬಳವಿಲ್ಲ, ಗೌರವಧನ. ಅದರ ಮೇಲೆ ಒಂದೊಂದು ಕೆಲಸಕ್ಕೆ ಒಂದಿಷ್ಟು ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿದಾಗ ದೇಶವೇ ಚಪ್ಪಾಳೆ ತಟ್ಟಿತು. ಚಪ್ಪಾಳೆಯಿಂದ ರೇಷನ್ ಬರುವುದಿಲ್ಲ.

ಎಂಜಿನಿಯರ್ ಒಬ್ಬ "ನಾನು ದುಡ್ಡಿಗೋಸ್ಕರಾನೇ ಕಂಪನಿ ಬದಲಾಯಿಸಿದೆ" ಅಂದರೆ ಜಾಣ ಅನ್ನುತ್ತೇವೆ. ಅನ್ನಬೇಕಾದ್ದೇ, ತಪ್ಪೇನಿಲ್ಲ. ಅದೇ ಮಾತನ್ನು ಅಂಗನವಾಡಿ ಟೀಚರೋ, ನರ್ಸೋ, ಅತಿಥಿ ಉಪನ್ಯಾಸಕರೋ ಆಡಿದರೆ "ಸೇವಾ ಮನೋಭಾವವೇ ಇಲ್ಲ" ಅನ್ನುತ್ತೇವೆ. ಕೆಲಸದ ಮೇಲಿನ ಪ್ರೀತಿಯನ್ನೇ ಅವರ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದೇವೆ. ನನಗೆ ಸಿಟ್ಟು ಬರುವುದು ಇದಕ್ಕೇ.

2025ರ ಜನವರಿ ಎರಡನೇ ವಾರ. ವಾರಕ್ಕೆ 90 ಗಂಟೆ ದುಡಿಯಬೇಕೆಂಬ ಎಲ್ ಅಂಡ್ ಟಿ ಅಧ್ಯಕ್ಷರ ಮಾತಿನ ಮೇಲೆ ದೇಶವೆಲ್ಲ ಚರ್ಚೆ ಮಾಡುತ್ತಿತ್ತು. ಅದೇ ವಾರ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗುಲಾಬಿ ಸೀರೆಯುಟ್ಟ ಸಾವಿರಾರು ಆಶಾಗಳು ಚಳಿಯಲ್ಲಿ ಹಗಲು ರಾತ್ರಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಎಂಬ ಭರವಸೆಯ ಮೇಲೆ ಎದ್ದು ಊರಿಗೆ ಹೋದರು. ಅದು ಜಾರಿಯಾಗಿಲ್ಲವೆಂದು ಅದೇ ವರ್ಷ ಮತ್ತೆ ಧರಣಿ ಕೂರಬೇಕಾಯಿತು.

ಆ ಸುದ್ದಿಯ ಕೆಳಗೆ "ಸೇವೆ ಮಾಡೋಕೆ ಬಂದವರಿಗೆ ಇಷ್ಟೊಂದು ಯಾಕೆ?" ಎಂಬ ಕಾಮೆಂಟುಗಳನ್ನು ಓದಿದೆ. ಬರೆದವರು ದಯವಿಟ್ಟು ಒಂದು ದಿನ ನಿಮ್ಮೂರಿನ ಆಶಾ ಜೊತೆ ಮನೆಮನೆ ತಿರುಗಿ. ಸಂಜೆ ಅವರು ರಿಜಿಸ್ಟರ್ ತುಂಬಿ ಮುಗಿಸುವವರೆಗೂ ಪಕ್ಕದಲ್ಲಿ ಕೂತಿರಿ. ಆಮೇಲೂ 15,000 ಜಾಸ್ತಿ ಅನ್ನಿಸಿದರೆ ಇಲ್ಲೇ ಬಂದು ಹೇಳಿ, ಮಾತಾಡೋಣ.